ಪುಟ ನೂರ ಹನ್ನೆರಡರ ಅಂಚು

“ವಕೀಲರ ಹೆಂಡತಿ ನಳದ ನೀರಿನ ಮಾತ್ಯಾಕ ಆಡತಾಳ್ರಿ, ಕಾಶಿನಾಥಣ್ಣಾರ?”

ಶಿವದೇವಿಯವರು ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಕಾಲಲ್ಲೇ ಉಳಿಸಿಕೊಂಡು, ಬಾಗಿಲಲ್ಲಿ ನಿಂತೇ ಕೇಳಿದರು. ಅವರ ಹಿಂದೆ ಮಗಳು ಕಾವ್ಯಾ. ಹೆಗಲಲ್ಲಿ ಭಾರದ ಚೀಲ, ಕೈಯಲ್ಲಿ ಫೋನು. ಮೂರು ಮಹಡಿ ಹತ್ತಿ ಬಂದ ಇಬ್ಬರೂ ಏದುಸಿರು ಬಿಡುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಕೆಳಗೆ ಸುಲ್ತಾನ್ ಬಜಾರಿನಲ್ಲಿ ನೈಟಿ ಮಾರುವವನೊಬ್ಬ ಒಂದೇ ರಾಗದಲ್ಲಿ ಕೂಗುತ್ತಿದ್ದ. ನಾನು ಊಟದ ಡಬ್ಬಿ ಮುಚ್ಚುತ್ತಾ, ಯಾವ ವಕೀಲರು ಎಂದು ಕೇಳಿದೆ.

“ನಿಮ್ಮ ಹನ್ನೊಂದುನೂರಾ ನಲವತ್ತೇಳರಾಗಿನ ವಕೀಲರು.”

ನಮ್ಮ ಕನ್ನಡ ವಾಚನಾಲಯದಲ್ಲಿ ಪುಸ್ತಕಗಳನ್ನು ಹೆಸರಿನಿಂದ ಕರೆಯುವ ರೂಢಿಯಿಲ್ಲ. ಎಲ್ಲದಕ್ಕೂ ನಂಬರು. ಸೀರೆ ಅಂಗಡಿಯ ಮೇಲಿನ ಎರಡು ಕೋಣೆ, ಹನ್ನೆರಡು ಕಪಾಟು, ಮೂರು ಸಾವಿರದ ಚಿಲ್ಲರೆ ಪುಸ್ತಕ. ನಾಚಾರಂನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಮೇಲೆ ನಾನು ಇಲ್ಲಿ ಕೂರುತ್ತೇನೆ. ಅದಕ್ಕೂ ಮುಂಚೆ ಬರೇ ಓದುಗನಾಗಿದ್ದೆ. ಹಾಗಾಗಿ ಹನ್ನೊಂದುನೂರಾ ನಲವತ್ತೇಳು ಅಂದಕೂಡಲೇ ನೆನಪಾಯಿತು. ಒಂದು ಹಳೇ ಸಾಮಾಜಿಕ ಕಾದಂಬರಿ. ಮೈಸೂರಿನ ಕಡೆಯ ವಕೀಲರು, ಅವರ ಹೆಂಡತಿ ಸುಶೀಲೆ, ಪಿಯಾನೋ ಇರುವ ಮನೆ. ಆ ಮನೆಯಲ್ಲಿ ಯಾರೂ ನಳದ ಸುದ್ದಿ ಎತ್ತುವವರಲ್ಲ.

“ಕಾಕಾ, ನಂಗ ಕನ್ನಡ ಓದಾಕ ಬರೂದಿಲ್ಲ, ಗೊತ್ತಲ್ರಿ,” ಎಂದಳು ಕಾವ್ಯಾ. ಅವಳು ಓದಿದ್ದು ತೆಲುಗು ಮತ್ತು ಇಂಗ್ಲಿಷಿನಲ್ಲಿ. ಈಗ ಸರ್ಕಾರಿ ಪರೀಕ್ಷೆಯ ತರಬೇತಿಗೆ ಅಮೀರ್‌ಪೇಟ್‌ಗೆ ಹೋಗುತ್ತಾಳೆ. “ನಮ್ಮ ಲೈಬ್ರರಿ ಪುಸ್ತಕ ಫೋನಿನಾಗ ಬಂದಾವಲ್ಲ, ಫೋನೇ ಓದಿ ಹೇಳತೈತಿ. ಮೆಟ್ರೋದಾಗ ಕೇಳತೀನಿ. ಒಳ್ಳೆ ಸ್ಟೋರಿ ನಡದಿತ್ತು. ನಡೂಕ ಇದು ಬಂತು. ಕೇಳ್ರಿ.”

ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ಹೆಣ್ಣುದನಿಯ ಯಂತ್ರ ಏರಿಳಿತವಿಲ್ಲದೆ ಓದತೊಡಗಿತು.

“ಸುಶೀಲೆಯು ಕಿಟಕಿಯ ಬಳಿ ನಿಂತು ಪತಿಯು ನ್ಯಾಯಾಲಯದಿಂದ ಮರಳುವ ದಾರಿಯನ್ನು ನೋಡುತ್ತಿದ್ದಳು. ಅವಳ ಎದೆಯಲ್ಲಿ ಅವ್ಯಕ್ತವಾದ ವೇದನೆ. ಇವತ್ತ ನಳ ಬರಲಿಲ್ಲ. ಶಿವಿ ಅತ್ತು ಅತ್ತು ಮಲಗ್ಯಾಳ. ಹಸರ ರಿಬ್ಬನ್ ಬಿಚ್ಚಿಲ್ಲ. ಶಿವೀನ ಸಾಲಿ ಬಿಡಿಸಿದ್ದು ಅವರಲ್ಲ, ನಾನು. ಒಬ್ಬಾಕಿ ಕೈಲೆ ಆಗೂದಿಲ್ಲ ನನಗ. ಅವರ ಮ್ಯಾಲ ಹಾಕೀನಿ. ಅವರು ಸುಮ್ಮನ ಕುಂತಾರ. ಸುಶೀಲೆಯು ನಿಟ್ಟುಸಿರಿಟ್ಟು ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟಳು.”

ಕಾವ್ಯಾ ನಿಲ್ಲಿಸಿದಳು. ಶಿವದೇವಿಯವರು ಉಳಿದ ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು.

“ಶಿವಿ ಅಂದ್ರ ನಾನ್ರಿ,” ಎಂದರು. “ಏಳನೇತ್ತಾ ಇದ್ದಾಗ ನನ್ನ ಸಾಲಿ ಬಿಡಿಸಿದ್ರು. ಆವತ್ತ ಹಸರ ರಿಬ್ಬನ್ ಕಟ್ಟಿದ್ದೆ. ಸಾಲಿ ಬಿಡಿಸಿದವರು ನಮ್ಮಪ್ಪ. ಇದು ಎಲ್ಲಾರಿಗೂ ಗೊತ್ತಿರೋ ಮಾತು. ಮತ್ತ ಈ ಹೆಣ್ಣಮಗಳು ಏನ ಹೇಳಾಕತ್ತಾಳ?”

ನಾನು ಊಟದ ಡಬ್ಬಿಯನ್ನು ಮತ್ತೆ ತೆರೆದು ಮತ್ತೆ ಮುಚ್ಚಿದೆ. ಯಾಕೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ವಾಚನಾಲಯ ಶುರುವಾದಾಗ ಅದನ್ನು ನೋಡಿಕೊಳ್ಳುತ್ತಿದ್ದವರು ಗುರುಶಾಂತ ಮಾಸ್ತರರು. ಪುಸ್ತಕದ ಮೇಲೆ ಪೆನ್ನು ಆಡಿಸಿದರೆ ಸದಸ್ಯತ್ವವೇ ರದ್ದು. ಪೆನ್ಸಿಲ್ಲಿಗೆ ಮಾತ್ರ ಮಾಫಿ. ಕಿಟಕಿಯ ಸರಳಿಗೆ ದಾರ ಕಟ್ಟಿ ಒಂದು ಪೆನ್ಸಿಲ್ಲನ್ನೂ ತೂಗುಬಿಟ್ಟಿದ್ದರು. ಗುರುವಾರ ಮಧ್ಯಾಹ್ನ ಹೆಣ್ಣುಮಕ್ಕಳಿಗೆಂದೇ ಮೀಸಲು. ಮನೆಯಲ್ಲಿ ಕನ್ನಡ ಆಡುತ್ತಾರೆ, ಹೊರಗೆ ಹಿಂದಿ, ಮಕ್ಕಳ ಶಾಲೆಯಲ್ಲಿ ತೆಲುಗು. ಊರಲ್ಲಿ ಕಲಿತ ನಾಲ್ಕಕ್ಷರ ಬರೆಯಲು ಅವರಿಗೆ ಬೇರೆ ಜಾಗವಿರಲಿಲ್ಲ. ಪುಸ್ತಕದ ಅಂಚಿನಲ್ಲಿ ಬರೆದರು. “ಈಕಿ ಭಾಳ ಅಳತಾಳ.” “ನಮ್ಮ ನೆಗೆಣ್ಣಿ ಹಿಂಗೇ.” “ಸಾಕಪ್ಪ ಈ ಮಳಿ.” ನಂತರ ಓದಿದವರು ಅದರ ಕೆಳಗೆ ತಮ್ಮದೊಂದು ಮಾತು ಸೇರಿಸುತ್ತಿದ್ದರು. ಕೆಲವು ಪುಸ್ತಕಗಳಲ್ಲಿ ಕಥೆಗಿಂತ ಅಂಚು ಚೆನ್ನಾಗಿತ್ತು.

ಎರಡು ವರ್ಷದ ಕೆಳಗೆ ಅಮೀರ್‌ಪೇಟಿನ ಪುಟಮಿತ್ರ ಎಂಬ ಕಂಪನಿಯವರು ಬಂದು, ಪುಸ್ತಕಗಳನ್ನೆಲ್ಲ ಬಿಟ್ಟಿಯಾಗಿ ಫೋಟೋ ತೆಗೆದು ಫೋನಿನಲ್ಲಿ ಓದುವ ಹಾಗೆ ಮಾಡಿಕೊಡುತ್ತೇವೆ ಎಂದರು. ನಮ್ಮ ಅಧ್ಯಕ್ಷ ಅಮೃತಪ್ಪನವರು ಹದಿನಾಲ್ಕು ಪುಟದ ಒಪ್ಪಂದಕ್ಕೆ ಸಹಿ ಹಾಕಿದರು. ಓದಿದವರು ಯಾರೂ ಇಲ್ಲ. ಪುಸ್ತಕ ಹೋದವು, ಐದು ತಿಂಗಳಿಗೆ ಸುರಕ್ಷಿತವಾಗಿ ಮರಳಿದವು. ಜೊತೆಗೆ ಒಂದು ಚೀಟಿಯಿತ್ತು: ‘ಹಲವು ಪ್ರತಿಗಳಲ್ಲಿ ಪೆನ್ಸಿಲ್ ಬರಹ ಕಂಡುಬಂದಿದೆ.’

ಅಷ್ಟೇ ಸಾಕಾಯಿತು. “ಹೈದರಾಬಾದಿನ ಕನ್ನಡದವರು ಪುಸ್ತಕದ ಮ್ಯಾಲ ಗೀಚತಾರ ಅಂತ ಕಂಪನಿಯವರು ನಗತಾರ,” ಎಂದು ಅಮೃತಪ್ಪನವರು ತಲೆ ಮೇಲೆ ಕೈಯಿಟ್ಟು ಕುಳಿತರು. ಸುವರ್ಣ ಮಹೋತ್ಸವ ಬೇರೆ ಹತ್ತಿರದಲ್ಲಿತ್ತು. ರಬ್ಬರು ಸೇವೆ ಅಂತ ಹೆಸರಿಟ್ಟು, ಆರು ಭಾನುವಾರ ಮೂವತ್ತು ಜನ ಕೂತು, ಮಿರ್ಚಿ ಭಜಿ ತಿನ್ನುತ್ತಾ ಅಂಚುಗಳನ್ನೆಲ್ಲ ಉಜ್ಜಿದೆವು. ಹೆಚ್ಚು ಪುಟ ಅಳಿಸಿದವರಿಗೆ ಶಾಲು. ಆ ಶಾಲು ನನಗೇ ಸಿಕ್ಕಿತು.

ಹನ್ನೊಂದುನೂರಾ ನಲವತ್ತೇಳನ್ನು ಉಜ್ಜಿದವನು ನಾನು. ನನಗೊಂದು ಕೆಟ್ಟ ಚಾಳಿಯಿದೆ, ಅಳಿಸುವ ಮುಂಚೆ ಓದುತ್ತೇನೆ. ಯಂತ್ರ ಈಗ ಓದಿದ ಮಾತುಗಳನ್ನು ನಾನು ಅಂದೇ ಓದಿದ್ದೆ.

ಆದರೆ ಶಿವದೇವಿಯವರ ಮುಂದೆ ಬಾಯಿ ಬಿಡಲಿಲ್ಲ. ಎದ್ದು ಪುಸ್ತಕ ತೆಗೆದು, ಪುಟ ಹುಡುಕಿ ಅವರ ಮುಂದಿಟ್ಟೆ. ನೂರ ಹನ್ನೆರಡು. ವಕೀಲರ ಮನೆ, ಕಿಟಕಿ, ವೇದನೆ, ಚಹಾ. ಅಂಚು ಬೋಳು. ಕೆಳಗಿನ ಮೂಲೆಯ ಹತ್ತಿರ ಹುಣಸೆಬೀಜ ಹೋಗುವಷ್ಟು ಒಂದು ತೂತು.

ಶಿವದೇವಿಯವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಓದುತ್ತಿದ್ದ ಹಾಗೆ ಅವರ ಹೆಗಲು ಇಳಿಯಿತು.

“ಇಲ್ಲಿ ಇಲ್ಲ,” ಎಂದರು. “ಕಾವ್ಯಾ, ಇಲ್ಲಿ ಇಲ್ಲ ನೋಡು. ಕಂಪ್ಯೂಟರ್ ತಂತಾನೇ ಸೇರಿಸೈತಿ.”

“ಮಮ್ಮಿ, ಕಂಪ್ಯೂಟರಿಗೆ ನಿನ್ನ ರಿಬ್ಬನ್ ಹೆಂಗ ಗೊತ್ತಾಗತೈತಿ?”

“ನೀನೇ ಹೇಳತಿದ್ದೆಲ್ಲ, ಈಗಿನ ಕಂಪ್ಯೂಟರ್ ಕಥಿ ಕಟ್ಟತಾವ ಅಂತ.”

“ಕಟ್ಟತಾವ. ನಿನ್ನ ರಿಬ್ಬನ್ ಕಲರ್ ಕಟ್ಟೂದಿಲ್ಲ. ನಡಿ, ಅವರ ಆಫೀಸ್ ನಮ್ಮ ಕೋಚಿಂಗ್ ಹಿಂದಿನ ಗಲ್ಲಿನೇ ಐತಿ. ಹೋಗಿ ಕೇಳೂಣು.”

“ನೀವೂ ಬರ್ರಿ ಅಣ್ಣಾರ,” ಎಂದರು ಶಿವದೇವಿ. “ಲೈಬ್ರರಿ ಕಡಿಯವರು ಒಬ್ಬರು ಇದ್ರ ಮಾತಿಗೆ ವಜನ ಬರತೈತಿ.”

ಬೀಗ ಹಾಕಿ, ಪುಸ್ತಕವನ್ನು ಕಾವ್ಯಾಳ ಚೀಲಕ್ಕೆ ಹಾಕಿ ಅವರ ಜೊತೆ ಹೊರಟೆ.

ಕೋಠಿಯ ಹತ್ತಿರ ಮೆಟ್ರೋ ಹತ್ತಿದೆವು. ಜನ ಕಡಿಮೆಯಿದ್ದರು. ಕಾವ್ಯಾ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತಳು. ಶಿವದೇವಿಯವರು ಯಾರೂ ಕೇಳದಿದ್ದರೂ ಹೇಳುತ್ತಾ ಹೋದರು.

ಅವರ ತಾಯಿ ಸಾಬಮ್ಮ ಯಾದಗಿರಿ ಕಡೆಯವರು, ಗುರುವಾರ ತಪ್ಪದೆ ನಮ್ಮ ವಾಚನಾಲಯಕ್ಕೆ ಬರುತ್ತಿದ್ದರಂತೆ. ತಂದೆ ಇದೇ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಿದ್ದವರು. ಮಗ ವಿಜಯಕುಮಾರ, ಮಗಳು ಶಿವದೇವಿ. ಎಂಬತ್ತನಾಲ್ಕನೇ ಇಸವಿಯ ಜೂನಿನಲ್ಲಿ, ಶಾಲೆ ಶುರುವಾಗಿ ಎಂಟು ದಿನಕ್ಕೆ, ತಂದೆ ಹೋಗಿ ಹೆಸರು ತೆಗೆಸಿ ಬಂದರು.

“ನಮ್ಮವ್ವ ನನ್ನ ಕೂಡ ಅತ್ತಳ್ರಿ,” ಎಂದರು. “‘ನಿಮ್ಮಪ್ಪನ ಹಟ, ನಾ ಏನ ಮಾಡ್ಲಿ’ ಅಂದಳು. ಅವತ್ತಿಂದ ನಾ ಅಪ್ಪನ ಕೂಡ ಸರಿಯಾಗಿ ಮಾತಾಡಿಲ್ಲ. ಮದವಿ ಆತು, ಮಗಳು ಆದಳು, ಆಗಲೂ ಮಾತಿಗೊಂದು ಮಾತು ಅಷ್ಟೇ. ಅವ್ವ ಹೋದಮ್ಯಾಲ ಅಪ್ಪ ನಮ್ಮ ಮನಿಗೇ ಬಂದ್ರು. ಅಣ್ಣ ಇಟ್ಕೊಳ್ಳಲಿಲ್ಲ. ‘ನಿನ್ನ ಬಾಳೇ ಹಾಳು ಮಾಡ್ಯಾನ, ನನ್ನ ಮನಿಯಾಗ ಬ್ಯಾಡ’ ಅಂದ. ನನ್ನ ಸಲುವಾಗಿ ಅಂದ, ಪಾಪ.”

“ಅಜ್ಜ ನನ್ನ ಚೀಲ ಹೊರತಿದ್ರು,” ಎಂದಳು ಕಾವ್ಯಾ ನನಗೆ. “ಏಳನೇ ಕ್ಲಾಸಿನಿಂದ. ಗಲ್ಲಿ ತುದಿತನ, ಬಸ್ ಬರೋತನ. ನಾ ಬ್ಯಾಡ ಅಂದ್ರೂ ಕಸ್ಕೊಂಡ ಹೊರತಿದ್ರು.”

“ಹೊರತಿದ್ರು,” ಎಂದರು ಶಿವದೇವಿ. “ನಾ ಬಾಗಲಾಗ ನಿಂತು ಅಂತಿದ್ದೆ, ‘ಮಗಳ ಪಾಟಿಚೀಲ ಕಸ್ಕೊಂಡವರು ಮೊಮ್ಮಗಳದು ಹೊತ್ತರ ಪಾಪ ಹೋಗತೈತೇನು?’ ಓಣಿ ಮಂದಿಗೆ ಕೇಳೂಹಂಗ ಅಂತಿದ್ದೆ. ದಿನಾ.”

“ಅಜ್ಜ ಏನಂತಿದ್ರು?”

“ನೀನೇ ನೋಡೀಯಲ್ಲ. ನಗತಿದ್ರು.”

ಎದುರಿನ ಸೀಟಿನ ಹುಡುಗಿಯೊಬ್ಬಳು ಕಿವಿಗೆ ಹಾಕಿಕೊಂಡು ಏನೋ ಕೇಳುತ್ತಾ ಕಣ್ಣು ಮುಚ್ಚಿದ್ದಳು. ಶಿವದೇವಿಯವರು ಅವಳನ್ನೇ ನೋಡುತ್ತಿದ್ದರು. ಅವಳೂ ಅದನ್ನೇ ಕೇಳುತ್ತಿದ್ದಾಳೋ ಏನೋ ಎಂಬ ಹಾಗೆ.

ನಾನು ಲೆಕ್ಕ ಹಾಕುತ್ತಿದ್ದೆ. ನಾನು ಸುಮ್ಮನಿದ್ದರೆ ಈ ಹೆಣ್ಣುಮಗಳು ಕಂಪ್ಯೂಟರಿನ ತಪ್ಪು ಎಂದುಕೊಂಡು ಮನೆಗೆ ಹೋಗುತ್ತಾಳೆ. ತಾಯಿ ತಾಯಿಯಾಗಿಯೇ ಉಳಿಯುತ್ತಾಳೆ. ಬಾಗಿಲಲ್ಲಿ ನಿಂತು ಆಡಿದ ಮಾತುಗಳು ಸರಿಯಾದವರ ಮೇಲೇ ಬಿದ್ದವು ಎಂಬ ಸಮಾಧಾನವಿರುತ್ತದೆ. ನನ್ನ ಶಾಲೂ ಪೆಟ್ಟಿಗೆಯಲ್ಲಿ ಭದ್ರ. ಎಲ್ಲರಿಗೂ ಒಳ್ಳೆಯದೇ, ಸತ್ತ ಮುದುಕನೊಬ್ಬನನ್ನು ಬಿಟ್ಟರೆ.

ಪುಟಮಿತ್ರದ ಕಚೇರಿ ಒಂದು ಲೇಡೀಸ್ ಹಾಸ್ಟೆಲಿನ ಮೇಲಿತ್ತು. ಮೆಟ್ಟಿಲ ತುಂಬ ಸಾಂಬಾರಿನ ವಾಸನೆ. ಒಳಗೆ ಏಳೆಂಟು ಹುಡುಗರು ಪರದೆಗಳ ಮುಂದೆ ಬಗ್ಗಿ ಕೂತಿದ್ದರು. ಕನ್ನಡ ವಿಭಾಗ ಅಂದರೆ ಒಬ್ಬನೇ. ಹೆಸರು ಚೇತನಕುಮಾರ, ಬೀದರಿನವ. ನಾವು ಕನ್ನಡದಲ್ಲಿ ಮಾತಾಡಿದ್ದೇ ಅವನ ಮುಖ ಅರಳಿತು. ಪಕ್ಕದವನ ಕುರ್ಚಿ ಎಳೆದು ಹಾಕಿದ, ನೀರು ತಂದುಕೊಟ್ಟ.

“ಹನ್ನೊಂದುನೂರಾ ನಲವತ್ತೇಳಾ?” ಎಂದ. “ಅರೇ, ಅದು ನಮ್ಮ ಕನ್ನಡದಾಗ ಭಾಳ ಓಡೂ ಪುಸ್ತಕ್ರಿ. ಅದರಾಗ ಒಂದು ಪುಟ ಐತಿ, ನೂರಾ ಹನ್ನೆರಡು. ಮಂದಿ ಅದಕ್ಕೇ ಬರತಾರ.”

ಶಿವದೇವಿಯವರ ಕೈಯ ಲೋಟ ಅರ್ಧಕ್ಕೆ ನಿಂತಿತು. “ಯಾವ ಮಂದಿ?”

ಅವನು ಪರದೆ ತಿರುಗಿಸಿದ. ಓದುಗರು ಇಷ್ಟಪಟ್ಟ ಸಾಲಿಗೆ ಬೆರಳಾಡಿಸಿ ಗುರುತು ಹಾಕಬಹುದಂತೆ, ಎಷ್ಟು ಜನ ಹಾಕಿದ್ದಾರೆಂದು ಪಕ್ಕದಲ್ಲಿ ತೋರಿಸುತ್ತದಂತೆ. ‘ಅವರ ಮ್ಯಾಲ ಹಾಕೀನಿ. ಅವರು ಸುಮ್ಮನ ಕುಂತಾರ.’ ಈ ಸಾಲಿನ ಪಕ್ಕ ನಾನೂರ ಹನ್ನೊಂದು ಎಂದಿತ್ತು. ಕೆಳಗೆ ಅಭಿಪ್ರಾಯಗಳು. ಚೇತನಕುಮಾರ ಖುಷಿಯಿಂದ ಓದಿದ. “‘ಶ್ರೀಮಂತ ಗೃಹಿಣಿಯ ಒಳಮನಸ್ಸು ಆಡುಮಾತಿನಲ್ಲಿ ಸ್ಫೋಟಗೊಳ್ಳುವ ಈ ತಂತ್ರ ಲೇಖಕರ ಪ್ರತಿಭೆಗೆ ಸಾಕ್ಷಿ.’ ಇವರು ಕಾಲೇಜಿನಾಗ ಪಾಠ ಹೇಳತಾರ್ರಿ. ಇನ್ನೊಬ್ಬರು ನೋಡ್ರಿ, ‘ನಮ್ಮ ತಾಯಿಯೂ ಹೀಗೇ ಮಾಡಿದಳು. ಓದಿ ಅತ್ತೆ.’”

“ಅದು ಲೇಖಕರು ಬರದದ್ದಲ್ಲ,” ಎಂದಳು ಕಾವ್ಯಾ.

ನಾನು ಚೀಲದಿಂದ ಪುಸ್ತಕ ತೆಗೆದು ತೋರಿಸಿದೆ. ಅವನು ಪರದೆಯನ್ನೂ ಪುಟವನ್ನೂ ಒಂದೊಂದು ಸಾಲಾಗಿ ಹೋಲಿಸಿದ. ಅವನ ಖುಷಿ ಮೆಲ್ಲಗೆ ಇಳಿಯಿತು.

“ಹಂಗಾರ ಇದು ಅಂಚಿನಾಗ ಇದ್ದದ್ದು,” ಎಂದ. “ಪೆನ್ಸಿಲಿಂದು. ನಮ್ಮ ಮಶೀನಿಗೆ ಅಂಚು ಯಾವುದು, ಕಥಿ ಯಾವುದು ತಿಳಿಯೂದಿಲ್ರಿ. ಅಕ್ಷರ ಕಂಡ್ರ ಓದತೈತಿ, ಸಾಲಿನಾಗ ಕೂಡಸತೈತಿ.”

“ಅದು ನಮ್ಮ ಮನಿ ಮಾತಪ್ಪಾ,” ಎಂದರು ಶಿವದೇವಿ. “ನಮ್ಮನ್ನ ಕೇಳಲಾರದ ಹೆಂಗ ಹಾಕಿದ್ರಿ?”

ಅವನು ಪಾಪ, ಒಳ್ಳೆಯ ಹುಡುಗ. ಒಪ್ಪಂದವನ್ನು ಪರದೆಗೆ ತಂದು ಹುಡುಕಿದ. “‘ಪುಸ್ತಕದೊಳಗೆ ಮುದ್ರಿತವಾದ ಅಥವಾ ಇತರ ರೀತಿಯಲ್ಲಿ ಇರುವ ಎಲ್ಲ ಪಠ್ಯದ ಡಿಜಿಟಲ್ ಹಕ್ಕು ಕಂಪನಿಗೆ ಸೇರತಕ್ಕದ್ದು.’ ನಿಮ್ಮ ಅಧ್ಯಕ್ಷರ ಸಹಿ ಐತ್ರಿ. ಅಂಚು ಸುದ್ದಾ ಪುಸ್ತಕದ ಒಳಗೇ ಬಂತಲ್ರಿ.”

“ಕಥಿ ಲೇಖಕರದು. ಫೋನಿನಾಗ ಓದೂದು ನಿಮ್ಮದು. ಮತ್ತ ಅಂಚಿನಾಗ ಬರದಾಕಿಂದು ಏನು?” ಎಂದರು ಶಿವದೇವಿ.

ಅವನು ಮೇಲೆ ಕೆಳಗೆ ಸರಿಸಿ ನೋಡಿದ. “ಅದಕ್ಕ ಕಾಲಮ್ ಇಲ್ರಿ ಮೇಡಂ,” ಎಂದ. ನಿಜವಾಗಿ ನಾಚಿಕೊಂಡು ಹೇಳಿದ. “ಆದ್ರ ತಪ್ಪು ಅಂತ ನೀವು ಅರ್ಜಿ ಕೊಟ್ರ ತೆಗೀತೀವಿ. ಪುಸ್ತಕದಾಗ ಇಲ್ಲ ಅಂತ ಈ ಪುಟಾನೇ ಸಾಕ್ಷಿ. ಈಗಿಂದೀಗ ತೆಗೀಬಹುದು.”

“ತೆಗೀಲಿಕ್ಕೆ ಆಮ್ಯಾಲ ಹೇಳತೀನಿ. ಮೊದಲ ನನಗ ಒಂದು ಹೇಳಪ್ಪಾ. ಇದು ನಮ್ಮವ್ವ ಬರದದ್ದು ಖರೇನೋ ಸುಳ್ಳೋ? ಆಕಿ ಅಕ್ಷರ ನನಗ ಗೊತ್ತೈತಿ. ಫೋಟೋ ತೋರಸು.”

“ಫೋಟೋ ಇಲ್ರಿ. ಮೂರು ತಿಂಗಳ ಇಟ್ಟು ತೆಗದಬಿಡತೀವಿ, ಜಾಗ ಸಾಲೂದಿಲ್ಲ.” ಅವನು ಇನ್ನೊಂದು ಗುಂಡಿ ಒತ್ತಿದ. “ಇದೊಂದು ತೋರಸಬಹುದು. ಓದುವವರಿಗೆ ಇದು ಕಾಣೂದಿಲ್ಲ, ನಮಗಷ್ಟೇ.”

ಪುಟದ ಮೇಲೆ ಅಲ್ಲಲ್ಲಿ ಹಳದಿ ಬಣ್ಣ ಮೂಡಿತು. ‘ನಳ ಬರಲಿಲ್ಲ’ ಬಿಳಿಯಾಗಿಯೇ ಇತ್ತು. ‘ಶಿವಿ ಅತ್ತು ಅತ್ತು ಮಲಗ್ಯಾಳ’, ಬಿಳಿ. ರಿಬ್ಬನ್ ಬಿಳಿ. ‘ಶಿವೀನ ಸಾಲಿ ಬಿಡಿಸಿದ್ದು’ ಎಂಬಲ್ಲಿಂದ ‘ಸುಮ್ಮನ ಕುಂತಾರ’ದವರೆಗೆ ಪೂರ್ತಿ ಹಳದಿ.

“ಹಳದಿ ಅಂದ್ರ ಅಕ್ಷರ ಸರಿ ಕಂಡಿಲ್ಲ ಅಂತ,” ಎಂದ ಚೇತನಕುಮಾರ. “ಮಾಸಿದ್ರ, ಒಂದರ ಮ್ಯಾಲೊಂದು ಬರದಿದ್ರ, ಮಶೀನು ಹಿಂದು ಮುಂದು ನೋಡಿ ಊಹಿಸಿ ತುಂಬತೈತಿ. ಖರೇ ಇರಬಹುದು, ಇಲ್ಲದೇನೂ ಇರಬಹುದು. ಆವಾಗ ನಾ ಫೋಟೋ ನೋಡಿ ಸರಿ ಅಂತ ಒತ್ತಿರಬೇಕು. ದಿನಕ್ಕ ನೂರಾ ಐವತ್ತು ಪುಟ ನೋಡತೀನ್ರಿ. ನೆನಪಿಲ್ಲ.”

ಶಿವದೇವಿಯವರು ದೊಡ್ಡದಾಗಿ ಉಸಿರುಬಿಟ್ಟರು. ಬಂದಾಗಿನಿಂದ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

“ನೋಡಿದಿ?” ಎಂದರು ಮಗಳಿಗೆ. “ಹೇಳಲಿಲ್ಲೇನು ನಾನು. ನಳ, ರಿಬ್ಬನ್, ನಾ ಅತ್ತದ್ದು, ಅಷ್ಟು ಅವ್ವ ಬರದಾಳ. ಉಳಿದದ್ದು ಈ ಮಶೀನು ಕಟ್ಟಿದ್ದು. ತೆಗೀಪಾ ತಮ್ಮಾ. ಸತ್ತಾಕಿ ಮ್ಯಾಲ ಇಲ್ಲದ್ದು ಹೊರಸಬಾರದು.”

“ಆದ್ರ ಒಂದು ಮಾತ್ರಿ,” ಎಂದ ಚೇತನಕುಮಾರ, ಪುಸ್ತಕವನ್ನು ಬೆಳಕಿಗೆ ಹಿಡಿದು. “ನಮ್ಮ ಕಡಿ ಇದ್ದಾಗ ಪೆನ್ಸಿಲ್ ಇತ್ತು. ಹೆಂಗ ಇತ್ತೋ ಹಂಗ ವಾಪಸ್ ಕೊಟ್ಟೀವಿ. ಮತ್ತ ಈ ಅಂಚು ಇಷ್ಟು ಬೆಳ್ಳಗ ಹೆಂಗಾತು?”

ಯಾರೂ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಸುಲಭವಾಗುತ್ತಿತ್ತೇನೋ. ಕಾವ್ಯಾ ಪರದೆ ನೋಡುತ್ತಿದ್ದಳು. ಶಿವದೇವಿಯವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹುಡುಗನ ಬೆರಳು ಗುಂಡಿಯ ಮೇಲಿತ್ತು. ಗಲ್ಲಿಯ ತುದಿಯಲ್ಲಿ ದಿನವೂ ಬಸ್ಸಿಗೆ ಕಾಯುತ್ತ ನಿಂತ ಆ ಮುದುಕರನ್ನು ನಾನು ನೋಡಿದ್ದೇನೋ ಇಲ್ಲವೋ ಗೊತ್ತಿಲ್ಲ. ಹೆಗಲಿಗೆ ಚೀಲ ಹಾಕಿದವರು ಸುಲ್ತಾನ್ ಬಜಾರಿನಲ್ಲಿ ಬೇಕಾದಷ್ಟು ಜನ.

“ಬರದಿತ್ತು,” ಎಂದೆ.

“ಏನ್ರಿ?”

“ಹಳದಿ ಇದ್ದದ್ದು. ಅಷ್ಟೂ ಬರದಿತ್ರಿ, ಶಿವದೇವಿಯವರ. ಮಶೀನು ಕಟ್ಟಿದ್ದಲ್ಲ. ನಾ ಓದೀನಿ.”

ಅವರು ಸೆರಗು ಕೆಳಗಿಳಿಸಿದರು. “ನೀವು ಎಲ್ಲಿ ಓದಿದ್ರಿ?”

“ರಬ್ಬರು ಸೇವೆಯಾಗ. ಈ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ಓದಿದೆ, ಆಮ್ಯಾಲ ಅಳಿಸಿದೆ. ಈ ತೂತು ನಾ ಮಾಡಿದ್ದು. ಎಂಥಾ ತಾಯಿ ಈಕಿ ಅಂತ ಸಿಟ್ಟು ಬಂದು ಒಂದೆರಡು ಸಲ ಜಾಸ್ತಿ ಉಜ್ಜಿದೆ.”

ಬೈಯುತ್ತಾರೆಂದು ಕಾದೆ. ಕೆಳಗಿನ ಹಾಸ್ಟೆಲಿನಲ್ಲಿ ಯಾರೋ ಕುಕ್ಕರಿನ ಸೀಟಿ ಎಣಿಸಿ ಕೂಗಿದರು. ಪಕ್ಕದ ಮೇಜಿನ ತೆಲುಗು ಹುಡುಗ ಕಿವಿಯ ಯಂತ್ರ ತೆಗೆದು ನಮ್ಮನ್ನು ನೋಡಿ ಮತ್ತೆ ಹಾಕಿಕೊಂಡ.

“ಮಧ್ಯಾಹ್ನದಿಂದ ಸುಮ್ಮನ ಕುಂತೀರಿ ನೀವು,” ಎಂದರು ಕೊನೆಗೆ.

“ಕುಂತೀನ್ರಿ.”

“ಅಕ್ಷರ ಹೆಂಗಿದ್ದವು?”

“ದೊಡ್ಡವು. ಸಾಲು ಬಲಕ್ಕ ಹೋಗ್ತಾ ಹೋಗ್ತಾ ಕೆಳಗ ಇಳದಿತ್ತು. ಜಾಗ ಸಾಲಲಾರದ್ದಕ್ಕ ಕಡೀದ್ದು ಒಂದರ ಮ್ಯಾಲೊಂದು ಬರದಿದ್ರು. ಭಾಳ ಒತ್ತಿ ಬರದಿದ್ರು.”

ಶಿವದೇವಿಯವರು ಪುಸ್ತಕವನ್ನು ಹುಡುಗನ ಕೈಯಿಂದ ತೆಗೆದುಕೊಂಡರು. ತೂತಿನ ಸುತ್ತ ಹೆಬ್ಬೆರಳು ಆಡಿಸಿದರು.

“ಒತ್ತೇ ಬರೀತಿದ್ಳು,” ಎಂದರು. “ಕಿರಾಣಿ ಚೀಟಿ ಬರದ್ರ ಸೇಟು ನಗತಿದ್ದ. ‘ಸಾಬಮ್ಮಾ, ನಿನ್ನ ಚೀಟಿ ಜರಡಿ ಆಗೈತಿ’ ಅಂತ.” ಪುಸ್ತಕ ಮುಚ್ಚಿ ಮುಂದುವರಿಸಿದರು, “ನಾಕನೂರಾ ಹನ್ನೊಂದು ಮಂದಿಗೆ ಗೊತ್ತೈತಿ. ನನಗ ಗೊತ್ತಿಲ್ಲ. ನಮ್ಮಣ್ಣಗ ಗೊತ್ತಿಲ್ಲ. ಆ ಮನಷ್ಯಾ ಆರು ವರ್ಷ ನನ್ನ ಕೈಯಾಗ ಉಂಡು, ಒಂದ ದಿನ ಬಾಯಿ ಬಿಡಲಿಲ್ಲ. ಸಾಯೂ ಮುಂದ ಕೇಳೀನಿ, ಏನರ ಹೇಳೂದೈತೇನು ಅಂತ. ಇಲ್ಲ ಅಂದ್ರು. ನೀರು ಕೇಳಿದ್ರು.”

“ಮಮ್ಮಿ,” ಎಂದಳು ಕಾವ್ಯಾ.

“ನೀ ಸುಮ್ಮನಿರು.”

ಚೇತನಕುಮಾರ ಪರದೆಯ ಕಡೆ ತಿರುಗಿದ. “ಮೇಡಂ, ತೆಗೀತೀನ್ರಿ ಹಂಗಾರ. ಎರಡು ನಿಮಿಷದ ಕೆಲಸ. ಬೇಕಂದ್ರ ನಿಮಗೊಂದು ಪ್ರಿಂಟ್ ಕೊಟ್ಟು ತೆಗೀತೀನಿ.”

“ಬ್ಯಾಡ.”

“ಮತ್ತ ಏನ ಮಾಡ್ಲಿ?”

“ಆ ಹಳದಿ ತೆಗಿ.”

ಅವನಿಗೆ ಅರ್ಥವಾಗಲಿಲ್ಲ.

“ಅರ್ಧಮರ್ಧ ಖರೇ ಅಂತ ಇರಬಾರದು,” ಎಂದರು ಶಿವದೇವಿ. “ನಾಳಿ ಇನ್ನೊಬ್ಬರು ಬಂದು ಇದು ಮಶೀನು ಕಟ್ಟಿದ್ದು ಅಂತ ನನ್ನಂಗ ಹೇಳಿ, ಅಳಿಸಿಬಿಡತಾರ. ಅಳಿಸೂ ಮಂದಿ ಭಾಳ ಅದಾರ ನಮ್ಮಾಗ. ಅಪ್ಪ ಬಿಡಿಸಿಲ್ಲ, ಆಕಿ ಬಿಡಿಸ್ಯಾಳ, ಆಕೀನೇ ಬರದಾಳ. ಇರಲಿ. ಮಂದಿ ಕೇಳಲಿ.”

“ಹಳದಿ ತೆಗೀಬೇಕಂದ್ರ ದೃಢಪಡಿಸಿದವರು ಯಾರು ಅಂತ ಕೇಳತೈತ್ರಿ. ಮೂಲ ಬರಹ ಕಣ್ಣಿಲೆ ನೋಡಿದವರ ಹೆಸರು.”

ಆಗ ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಇನ್ನೇನೂ ಇರಲಿಲ್ಲ. ನಲವತ್ತು ವರ್ಷದ ಸಾಮಾನೆಲ್ಲ ಒಮ್ಮೆಲೇ ಹೊರಗೆ ಹಾಕಿದ ಮನೆಯಂತೆ ಮುಖ ಖಾಲಿಯಾಗಿತ್ತು.

“ಕಾಶಿನಾಥಣ್ಣಾರ ಹೆಸರು ಹಾಕು,” ಎಂದರು. “ಐತವಾರ ನಾಚಾರಂದಾಗ ನಮ್ಮಣ್ಣನ ಮನಿಗೂ ಬರಬೇಕ್ರಿ ನೀವು. ವಿಜಯಕುಮಾರನ ಮುಂದ ಇದನ್ನೇ ಹೇಳಬೇಕು. ತೂತಿಂದೂ ಹೇಳಬೇಕು. ನನ್ನ ಮಾತು ಆಂವ ನಂಬೂದಿಲ್ಲ.”

“ಬರತೀನ್ರಿ,” ಎಂದೆ.

ಚೇತನಕುಮಾರ ನನ್ನ ಹೆಸರು ಕೇಳಿ, ಒಂದೊಂದೇ ಅಕ್ಷರ ಒತ್ತಿದ. ಹಳದಿ ಹೋಗಿ ಪುಟ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಳಿಯಾಯಿತು. ನಾವು ಎದ್ದೆವು. ಕಾವ್ಯಾ ಕುರ್ಚಿಯ ಪಕ್ಕದಲ್ಲಿದ್ದ ತನ್ನ ಚೀಲಕ್ಕೆ ಬಗ್ಗಿದಳು. ಅಷ್ಟರಲ್ಲಿ ಶಿವದೇವಿಯವರು ಪುಸ್ತಕವನ್ನೂ ಅದರೊಳಗಿಟ್ಟು, ಎತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಭಾರಕ್ಕೆ ಒಂದು ಕಡೆ ವಾಲಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಕಾವ್ಯಾ ಒಮ್ಮೆ ಚೀಲದ ಪಟ್ಟಿಗೆ ಕೈ ಹಾಕಿ, ಮತ್ತೆ ಬಿಟ್ಟಳು. ಅವರ ಹಿಂದೆ ನಾವಿಬ್ಬರೂ ಬರೀ ಕೈಯಲ್ಲಿ ಮೆಟ್ರೋದವರೆಗೆ ನಡೆದೆವು.